ಸಣ್ಣ ಉದ್ಯಮದ ಸಾಫ್ಟ್‌ವೇರ್‌ಗೆ ಯಾವ ಸರ್ವರ್ ಸೂಕ್ತ: ಖರ್ಚು ಮತ್ತು ಪ್ರಯೋಜನಗಳ ಹೋಲಿಕೆ

ಬಿಲ್ಲಿಂಗ್, ದಾಸ್ತಾನು, ಲೆಕ್ಕಪತ್ರ, ಗ್ರಾಹಕರ ದಾಖಲೆ ಮುಂತಾದ ಕೆಲಸಗಳಿಗೆ ಸಾಫ್ಟ್‌ವೇರ್ ಆರಿಸಿಕೊಂಡಾದ ಮೇಲೆ ಸಣ್ಣ ಉದ್ಯಮಗಳು ತಡವರಿಸುವುದು ಅದನ್ನು ಎಲ್ಲಿ ಓಡಿಸಬೇಕು ಎಂಬ ಪ್ರಶ್ನೆಯ ಮುಂದೆ. ಕಚೇರಿಯಲ್ಲೇ ಒಂದು ಸರ್ವರ್ ಕೊಂಡು ಇಡಬಹುದು. ವಿಪಿಎಸ್ ಎಂದು ಕರೆಯುವ ವರ್ಚುವಲ್ ಸರ್ವರನ್ನು, ಅಂದರೆ ಬೇರೆ ಕಂಪನಿಯ ದೊಡ್ಡ ಯಂತ್ರದೊಳಗೆ ಪ್ರತ್ಯೇಕ ಸರ್ವರ್‌ನಂತೆ ಬಳಸಲು ಸಿಗುವ ಒಂದು ಪಾಲನ್ನು, ತಿಂಗಳ ಬಾಡಿಗೆಗೆ ಪಡೆಯಬಹುದು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ಗಳ ದೊಡ್ಡ ಕ್ಲೌಡ್‌ಗೆ ಹೋಗಬಹುದು. ಇಲ್ಲವೇ ಸರ್ವರ್‌ನ ಗೊಡವೆಯೇ ಬೇಡವೆಂದು ಸಾಫ್ಟ್‌ವೇರ್ ಕಂಪನಿಯೇ ನಡೆಸುವ ಚಂದಾ ಸೇವೆಗೆ ಸೇರಬಹುದು. ನಾಲ್ಕೂ ಕಡೆಯ ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅವು ಒಂದೇ ಸರಕಿನ ದರಗಳಲ್ಲ. ಒಂದರಲ್ಲಿ ಯಂತ್ರದ ಬೆಲೆ ಮಾತ್ರ ಇರುತ್ತದೆ, ಇನ್ನೊಂದರಲ್ಲಿ ಯಂತ್ರದ ಜೊತೆ ವಿದ್ಯುತ್ತು, ಜಾಗ, ನೆಟ್‌ವರ್ಕ್ ಸೇರಿರುತ್ತವೆ, ಮತ್ತೊಂದರಲ್ಲಿ ಬ್ಯಾಕಪ್ ಮತ್ತು ಅಪ್‌ಡೇಟ್ ಮಾಡುವ ಸಿಬ್ಬಂದಿಯ ಸಂಬಳವೂ ಅಡಗಿರುತ್ತದೆ.

ಸಣ್ಣ ಉದ್ಯಮದ ಮಟ್ಟಿಗೆ ಯಂತ್ರದ ಬೆಲೆ ಒಟ್ಟು ಖರ್ಚಿನ ಚಿಕ್ಕ ಪಾಲು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಪಾಲನ್ನು ತೀರ್ಮಾನಿಸುವುದು ಎರಡು ಸಂಗತಿಗಳು: ಅದರ ಮೇಲೆ ಹಾಕುವ ಲೈಸೆನ್ಸ್‌ಗಳು ಮತ್ತು ಅದನ್ನು ನೋಡಿಕೊಳ್ಳುವವರ ಸಮಯ. ದರಗಳು ಆಗಾಗ ಬದಲಾಗುವುದರಿಂದ ಇಲ್ಲಿ ಅವುಗಳನ್ನು ಕೊಟ್ಟಿಲ್ಲ. ದರಪಟ್ಟಿಯನ್ನು ಓದುವ ಬಗೆಯನ್ನು ಮತ್ತು ಅದರಲ್ಲಿ ಬರೆದಿರದ ಖರ್ಚುಗಳನ್ನು ವಿವರಿಸಿದ್ದೇನೆ.

ಮೊದಲು ಅಳತೆಗೋಲುಗಳು

ಲೆಕ್ಕವನ್ನು ಐದು ವರ್ಷಗಳಿಗೆ ಹಾಕಬೇಕು. ಕೊಂಡ ಸರ್ವರ್‌ನ ವಾರಂಟಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಉಬುಂಟು ಎಂಬ ಉಚಿತ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ದೀರ್ಘಾವಧಿ ಆವೃತ್ತಿಗಳಿಗೆ ಸಿಗುವ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳೂ ಐದು ವರ್ಷ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನ ಪ್ರತಿಯೊಂದು ಮುಖ್ಯ ಆವೃತ್ತಿಗೂ ಐದು ವರ್ಷಗಳ ಬೆಂಬಲವಿರುತ್ತದೆ. ಒಂದು ವರ್ಷದ ಲೆಕ್ಕದಲ್ಲಿ ಬಾಡಿಗೆಯೇ ಯಾವಾಗಲೂ ಅಗ್ಗವಾಗಿ, ಹತ್ತು ವರ್ಷದ ಲೆಕ್ಕದಲ್ಲಿ ಸ್ವಂತದ್ದೇ ಯಾವಾಗಲೂ ಅಗ್ಗವಾಗಿ ಕಾಣುತ್ತದೆ. ಎರಡೂ ದಾರಿ ತಪ್ಪಿಸುತ್ತವೆ.

ಎರಡನೆಯದು ಮನುಷ್ಯರ ಸಮಯ. ಅಪ್‌ಡೇಟ್ ಹಾಕುವುದು, ಬ್ಯಾಕಪ್ ನಿಜವಾಗಿ ಆಗಿದೆಯೇ ಎಂದು ನೋಡುವುದು, ಡಿಸ್ಕ್ ತುಂಬುತ್ತಿದೆಯೇ ಎಂದು ಗಮನಿಸುವುದು, ಕೆಲಸ ಬಿಟ್ಟು ಹೋದವರ ಲಾಗಿನ್ ತೆಗೆಯುವುದು ಇವಕ್ಕೆಲ್ಲ ತಿಂಗಳಿಗೆ ನಾಲ್ಕೇ ಗಂಟೆ ಎಂದುಕೊಂಡರೂ ಐದು ವರ್ಷಕ್ಕೆ 240 ಗಂಟೆಗಳಾಗುತ್ತವೆ. ಈ 240 ಗಂಟೆಗಳನ್ನು ಯಾರು ಕೊಡುತ್ತಾರೆ, ಅವರ ಗಂಟೆಗೆ ಬೆಲೆ ಎಷ್ಟು ಎಂದು ಕಾಗದದ ಮೇಲೆ ಬರೆಯದ ಹೊರತು ಹೋಲಿಕೆ ಶುರುವಾಗಲಾರದು. ಯಜಮಾನರೇ ರಾತ್ರಿ ಕುಳಿತು ಮಾಡುತ್ತಾರೆ ಎಂದಾದರೆ ಆ ಸಮಯಕ್ಕೂ ಬೆಲೆ ಕಟ್ಟಬೇಕು.

ಮೂರನೆಯದು ನಿಲುಗಡೆಯ ಬೆಲೆ. ಕಂಪನಿಗಳು 99.9 ಶೇಕಡಾ ಲಭ್ಯತೆಯ ಭರವಸೆ ಕೊಡುತ್ತವೆ. ಅದರ ಅರ್ಥ ವರ್ಷಕ್ಕೆ ಸುಮಾರು ಎಂಟು ಮುಕ್ಕಾಲು ಗಂಟೆ ನಿಂತರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ ಎಂದು. 99.5 ಆದರೆ ಸುಮಾರು 44 ಗಂಟೆ, 99.99 ಆದರೆ ಸುಮಾರು 53 ನಿಮಿಷ. ಭರವಸೆ ಮುರಿದಾಗ ಸಿಗುವ ಪರಿಹಾರ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತವೇ ಹೊರತು ನಿಮ್ಮ ವ್ಯಾಪಾರದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಆದ್ದರಿಂದ ಸಾಫ್ಟ್‌ವೇರ್ ಅರ್ಧ ದಿನ ನಿಂತರೆ ಕೈಬರಹದ ಬಿಲ್ಲಿನಲ್ಲಿ ಕೆಲಸ ಸಾಗುತ್ತದೆಯೇ, ಇಲ್ಲವೇ ಬಾಗಿಲು ಹಾಕಬೇಕಾಗುತ್ತದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇದರೊಂದಿಗೆ ಇನ್ನೆರಡು ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ: ಎಷ್ಟು ಹೊತ್ತಿನ ಡೇಟಾ ಕಳೆದುಹೋದರೆ ತಡೆದುಕೊಳ್ಳಬಹುದು, ಮತ್ತು ಎಷ್ಟು ಹೊತ್ತಿನಲ್ಲಿ ಎಲ್ಲವೂ ಮರಳಿ ನಡೆಯುವಂತಾಗಬೇಕು.

ಉಳಿದವು ಲೈಸೆನ್ಸ್, ಬಳಕೆದಾರರಿಗೂ ಡೇಟಾಬೇಸ್‌ಗೂ ನಡುವಿನ ದೂರ, ಮತ್ತು ಬಿಟ್ಟು ಹೊರಡುವಾಗಿನ ಖರ್ಚು. ಇವುಗಳ ಪೈಕಿ ಲೈಸೆನ್ಸ್ ಮತ್ತು ದೂರ ಪ್ರತಿಯೊಂದು ಆಯ್ಕೆಯಲ್ಲೂ ತಲೆಹಾಕುವುದರಿಂದ ಅವನ್ನು ಮೊದಲೇ ಬಿಡಿಸಿ ನೋಡುವುದು ಒಳ್ಳೆಯದು.

ಲೈಸೆನ್ಸ್ ಎಂಬ ದೊಡ್ಡ ಪಾಲು

ಸಾಫ್ಟ್‌ವೇರ್ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಮೇಲೆ ಮಾತ್ರ ಓಡುವಂಥದ್ದಾದರೆ ಸರ್ವರ್ ಎಲ್ಲಿದೆ ಎನ್ನುವುದಕ್ಕಿಂತ ಲೈಸೆನ್ಸ್ ಲೆಕ್ಕವೇ ಬಜೆಟ್ಟನ್ನು ನಿರ್ಧರಿಸುತ್ತದೆ. 2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಪ್ರೊಸೆಸರ್‌ನ ಕೋರ್‌ಗಳ ಲೆಕ್ಕದಲ್ಲಿದೆ. ನಿಮ್ಮ ಯಂತ್ರದಲ್ಲಿ ಎಂಟೇ ಕೋರ್‌ಗಳಿದ್ದರೂ ಕನಿಷ್ಠ 16 ಕೋರ್‌ಗಳಿಗೆ ಹಣ ಕಟ್ಟಬೇಕು. ಅದರ ಮೇಲೆ, ಸರ್ವರನ್ನು ಬಳಸುವ ಪ್ರತಿಯೊಬ್ಬ ವ್ಯಕ್ತಿಗೆ ಅಥವಾ ಪ್ರತಿಯೊಂದು ಕಂಪ್ಯೂಟರ್‌ಗೆ ಬೇರೆ ಬಳಕೆದಾರ ಲೈಸೆನ್ಸ್ ಬೇಕು. ರಿಮೋಟ್ ಡೆಸ್ಕ್‌ಟಾಪ್ ಮೂಲಕ, ಅಂದರೆ ಸರ್ವರ್‌ನ ಪರದೆಯನ್ನು ದೂರದಿಂದ ತೆರೆದು, ಕೆಲಸ ಮಾಡುವವರಿಗೆ ಇನ್ನೊಂದು. ಒಂದೇ ಕಚೇರಿಯ ಹತ್ತು ಕಂಪ್ಯೂಟರ್‌ಗಳಲ್ಲಿ ಇಪ್ಪತ್ತು ಜನ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದರೆ ಕಂಪ್ಯೂಟರ್ ಲೆಕ್ಕದ ಲೈಸೆನ್ಸ್ ಅರ್ಧಕ್ಕೆ ಮುಗಿಯುತ್ತದೆ. ಒಬ್ಬೊಬ್ಬರೂ ಕಚೇರಿಯ ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲ್ ಮೂರರಿಂದಲೂ ಬಳಸುತ್ತಿದ್ದರೆ ವ್ಯಕ್ತಿ ಲೆಕ್ಕದ್ದೇ ಲಾಭ.

ಎಸ್‌ಕ್ಯೂಎಲ್ ಸರ್ವರ್‌ನ ಸಂಗತಿಯಲ್ಲಿ ಇನ್ನಷ್ಟು ಎಚ್ಚರ ಬೇಕು. ಉಚಿತವಾಗಿ ಸಿಗುವ ಎಕ್ಸ್‌ಪ್ರೆಸ್ ಆವೃತ್ತಿ ಬಹಳಷ್ಟು ಸಣ್ಣ ಉದ್ಯಮಗಳಿಗೆ ನಿಜವಾಗಿಯೂ ಸಾಕು, ಆದರೆ 2022ರ ಆವೃತ್ತಿಯವರೆಗೆ ಅದರಲ್ಲಿ ಒಂದು ಡೇಟಾಬೇಸ್ 10 ಗಿಗಾಬೈಟ್ ಮೀರುವಂತಿಲ್ಲ. 2025ರ ಆವೃತ್ತಿಯಲ್ಲಿ ಈ ಮಿತಿಯನ್ನು 50ಕ್ಕೆ ಏರಿಸಲಾಗಿದೆ. ನೀವು ಎಂಥ ದೊಡ್ಡ ಯಂತ್ರ ಕೊಟ್ಟರೂ ಎಕ್ಸ್‌ಪ್ರೆಸ್ ಬಳಸುವುದು ಹೆಚ್ಚೆಂದರೆ ನಾಲ್ಕು ಕೋರ್‌ಗಳನ್ನು ಮತ್ತು ಡೇಟಾ ಇಟ್ಟುಕೊಳ್ಳಲು ಸುಮಾರು 1.4 ಗಿಗಾಬೈಟ್ ಮೆಮೊರಿಯನ್ನು. ಅಂದರೆ ಎಕ್ಸ್‌ಪ್ರೆಸ್ ಮೇಲೆ ಓಡುವ ಸಾಫ್ಟ್‌ವೇರ್ ನಿಧಾನವಾಯಿತೆಂದು 64 ಗಿಗಾಬೈಟ್ ಮೆಮೊರಿಯ ಸರ್ವರ್ ಕೊಂಡರೆ ಆ ಹಣದ ಹೆಚ್ಚಿನ ಭಾಗ ನೀರುಪಾಲು. ಇನ್ನೊಂದು ವಿವರವನ್ನು ಮಾರುವವರು ಹೇಳುವುದೇ ಇಲ್ಲ: ನಿಗದಿತ ಹೊತ್ತಿಗೆ ತಾನಾಗಿ ಬ್ಯಾಕಪ್ ಮಾಡಿಸುವ ಏಜೆಂಟ್ ಎಂಬ ಭಾಗ ಎಕ್ಸ್‌ಪ್ರೆಸ್‌ನಲ್ಲಿಲ್ಲ. ಬ್ಯಾಕಪ್ಪನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಹೊಂದಿಸಬೇಕು. ಹಾಗೆ ಹೊಂದಿಸಿದ್ದಾರೆಯೇ ಎಂದು ನಿಮ್ಮ ಸಾಫ್ಟ್‌ವೇರ್ ಹಾಕಿಕೊಟ್ಟವರನ್ನು ಕೇಳಿ ನೋಡಿ.

ಸ್ಟ್ಯಾಂಡರ್ಡ್ ಆವೃತ್ತಿಗೆ ಏರಿದರೆ ಕೋರ್ ಲೆಕ್ಕದಲ್ಲಿ ಕನಿಷ್ಠ ನಾಲ್ಕು ಕೋರ್‌ಗಳ ಲೈಸೆನ್ಸ್ ಬೇಕು, ಮತ್ತು ವರ್ಚುವಲ್ ಯಂತ್ರವನ್ನು ನಾಲ್ಕರಿಂದ ಎಂಟು ಕೋರ್‌ಗೆ ಹಿಗ್ಗಿಸಿದ ದಿನ ಡೇಟಾಬೇಸ್ ಲೈಸೆನ್ಸ್ ಖರ್ಚು ಎರಡು ಪಟ್ಟಾಗುತ್ತದೆ. ಆದ್ದರಿಂದ ಇಂಥ ಕಡೆ ಕೋರ್‌ಗಳನ್ನು ಹೆಚ್ಚಿಸುವ ಬದಲು ಮೆಮೊರಿ ಹೆಚ್ಚಿಸುವುದು, ವೇಗದ ಎನ್‌ವಿಎಂಇ ಡಿಸ್ಕ್ ಹಾಕುವುದು, ಡೇಟಾವನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳನ್ನು ಸರಿಪಡಿಸುವುದು ಎಷ್ಟೋ ಅಗ್ಗ. ಕೆಲವೇ ಬಳಕೆದಾರರಿದ್ದರೆ ಸರ್ವರ್ ಮತ್ತು ಬಳಕೆದಾರ ಲೈಸೆನ್ಸ್‌ಗಳ ಲೆಕ್ಕ ಕೋರ್ ಲೆಕ್ಕಕ್ಕಿಂತ ಕಡಿಮೆಯಾಗಬಹುದು. ಎರಡಕ್ಕೂ ದರ ಕೇಳಬೇಕು.

ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ ಉಚಿತ ಡೇಟಾಬೇಸ್‌ಗಳ ಮೇಲೆ ಓಡುವ ಸಾಫ್ಟ್‌ವೇರ್‌ಗೆ ಈ ಖರ್ಚು ಇಲ್ಲ, ಆದರೆ ಉಚಿತವಾದದ್ದಕ್ಕೂ ಕಾಲಮಿತಿ ಇರುತ್ತದೆ. ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಆವೃತ್ತಿಯನ್ನು ನಂಬಿಕೊಂಡಿದ್ದವರಿಗೆ 2029ರವರೆಗೆ ಬೆಂಬಲ ಸಿಗಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ ಪ್ರಕಟಣೆಯ ಪ್ರಕಾರ ಅದು 2021ರ ಕೊನೆಗೇ ಮುಗಿಯಿತು. ಆಲ್ಮಾಲಿನಕ್ಸ್, ರಾಕಿ ಲಿನಕ್ಸ್‌ಗಳು ಹುಟ್ಟಿಕೊಂಡದ್ದರಿಂದ ಹೊರಬರುವ ದಾರಿ ಸಿಕ್ಕಿತು, ಆದರೆ ದಾಟಿಸುವ ಕೆಲಸಕ್ಕೆ ಯಾರಾದರೂ ಕೂರಲೇಬೇಕಾಯಿತು. ಹೊಸ ಸಾಫ್ಟ್‌ವೇರ್ ಆರಿಸುವ ಹಂತದಲ್ಲೇ ಇರುವವರಿಗೆ ನನ್ನ ಸಲಹೆ ನೇರವಾಗಿದೆ: ಎರಡು ಸಾಫ್ಟ್‌ವೇರ್‌ಗಳು ಉಳಿದೆಲ್ಲದರಲ್ಲೂ ಸರಿಸಮವಾಗಿದ್ದರೆ ಲಿನಕ್ಸ್ ಮೇಲೂ ಓಡಬಲ್ಲದ್ದನ್ನೇ ಆರಿಸಿಕೊಳ್ಳಿ, ಏಕೆಂದರೆ ಆಗ ಕೆಳಗಿನ ನಾಲ್ಕೂ ಆಯ್ಕೆಗಳು ನಿಮಗೆ ತೆರೆದಿರುತ್ತವೆ.

ದೂರ: ಬಿಲ್ಲಿನಲ್ಲಿ ಕಾಣದ ಖರ್ಚು

ಕಚೇರಿಯೊಳಗಿನ ನೆಟ್‌ವರ್ಕ್‌ಗೆಂದು ಬರೆದ ಹಳೆಯ ಶೈಲಿಯ ಸಾಫ್ಟ್‌ವೇರ್‌ಗಳು ಪ್ರತಿ ಕಂಪ್ಯೂಟರ್‌ನಲ್ಲೂ ಒಂದು ಪ್ರೋಗ್ರಾಂ ಹಾಕಿಸಿಕೊಂಡು ನೇರವಾಗಿ ಡೇಟಾಬೇಸ್ ಜೊತೆ ಮಾತನಾಡುತ್ತವೆ. ಒಂದು ಹಳೆಯ ಬಿಲ್ ತೆರೆದರೆ ಗ್ರಾಹಕರ ಹೆಸರಿಗೊಂದು, ತೆರಿಗೆ ದರಕ್ಕೊಂದು, ಪ್ರತಿ ಸಾಲಿನ ವಸ್ತುವಿಗೆ ಒಂದೆರಡು ಎಂದು ಅವು ಒಂದರ ನಂತರ ಒಂದರಂತೆ ನೂರಾರು ಚಿಕ್ಕ ಪ್ರಶ್ನೆಗಳನ್ನು ಕಳಿಸುತ್ತವೆ. ಹೀಗೆ 300 ಪ್ರಶ್ನೆಗಳು ಹೋಗುತ್ತವೆ ಎಂದುಕೊಳ್ಳಿ. ಕಚೇರಿಯ ಕೇಬಲ್‌ನಲ್ಲಿ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಮಿಲಿಸೆಕೆಂಡ್ ಹಿಡಿದರೆ ಒಟ್ಟು 0.15 ಸೆಕೆಂಡ್, ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ಡೇಟಾಬೇಸನ್ನು 40 ಮಿಲಿಸೆಕೆಂಡ್ ದೂರದ ಕ್ಲೌಡ್‌ಗೆ ಸಾಗಿಸಿದರೆ ಅದೇ ಬಿಲ್ ತೆರೆಯಲು 12 ಸೆಕೆಂಡ್ ಬೇಕು. ಇಲ್ಲಿ ಇಂಟರ್ನೆಟ್‌ನ ವೇಗ ಹೆಚ್ಚಿಸಿದರೂ, ಸರ್ವರ್‌ಗೆ ಇನ್ನೆಂಟು ಕೋರ್ ಸೇರಿಸಿದರೂ ಎಳ್ಳಷ್ಟೂ ಪ್ರಯೋಜನವಿಲ್ಲ, ಏಕೆಂದರೆ ಸಮಯ ವ್ಯರ್ಥವಾಗುತ್ತಿರುವುದು ಹೋಗಿ ಬರುವ ದಾರಿಯಲ್ಲಿ.

ಇದಕ್ಕಿರುವ ಪರಿಹಾರ ಪ್ರೋಗ್ರಾಂ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಕಡೆ ಇಟ್ಟು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆಯನ್ನು ಮಾತ್ರ ತರಿಸಿಕೊಳ್ಳುವುದು. ಆಗ ವೇಗ ಸರಿಹೋಗುತ್ತದೆ, ಆದರೆ ಮೇಲೆ ಹೇಳಿದ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್, ಪ್ರತಿ ಬಳಕೆದಾರನಿಗೂ ಬೇಕಾದ ಹೆಚ್ಚುವರಿ ಮೆಮೊರಿ, ಪ್ರಿಂಟರ್ ಮತ್ತು ಬಾರ್‌ಕೋಡ್ ಸ್ಕ್ಯಾನರ್‌ಗಳನ್ನು ಹೊಂದಿಸುವ ತಾಪತ್ರಯ ಸೇರಿಕೊಳ್ಳುತ್ತವೆ. ಬ್ರೌಸರ್‌ನಲ್ಲಿ ಓಡುವ ಸಾಫ್ಟ್‌ವೇರ್‌ಗಳಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಅವುಗಳ ಪ್ರೋಗ್ರಾಂ ಡೇಟಾಬೇಸ್ ಪಕ್ಕದಲ್ಲೇ ಇದ್ದು, ಬಳಕೆದಾರನಿಗೆ ಸಿದ್ಧವಾದ ಪುಟ ಬರುತ್ತದೆ. ಕ್ಲೌಡ್‌ಗೆ ಹೋಗಬೇಕೋ ಬೇಡವೋ ಎಂಬ ಚರ್ಚೆಗೆ ಮೊದಲು ನಿಮ್ಮ ಸಾಫ್ಟ್‌ವೇರ್ ಈ ಎರಡರಲ್ಲಿ ಯಾವ ಜಾತಿಯದು ಎಂದು ಖಚಿತಪಡಿಸಿಕೊಂಡರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಕಚೇರಿಯಲ್ಲೇ ಸ್ವಂತ ಸರ್ವರ್

ಒಂದೇ ಜಾಗದಲ್ಲಿ ಕೆಲಸ, ಕಚೇರಿಯ ನೆಟ್‌ವರ್ಕ್‌ಗೆಂದೇ ಬರೆದ ಸಾಫ್ಟ್‌ವೇರ್, ಆಗಾಗ ಕೈಕೊಡುವ ಇಂಟರ್ನೆಟ್ ಈ ಮೂರೂ ಇರುವ ಕಡೆ ಸ್ವಂತ ಸರ್ವರ್ ಇಂದಿಗೂ ಗಟ್ಟಿ ಆಯ್ಕೆ. ಹೊರಗಿನ ಸಂಪರ್ಕ ಕಡಿದರೂ ಬಿಲ್ಲಿಂಗ್ ನಿಲ್ಲುವುದಿಲ್ಲ, ಬಳಸಿದಷ್ಟೂ ಬಿಲ್ ಏರುವುದಿಲ್ಲ, ಖರ್ಚಿನ ಬಹುಪಾಲು ಮೊದಲ ದಿನವೇ ಗೊತ್ತಿರುತ್ತದೆ.

ಆದರೆ ಯಂತ್ರದ ಬೆಲೆಗೆ ಸೇರಿಸಬೇಕಾದದ್ದು ಬಹಳಷ್ಟಿದೆ. ಸರಾಸರಿ 150 ವ್ಯಾಟ್ ಎಳೆಯುವ ಸರ್ವರ್ ಹಗಲಿರುಳು ಓಡಿದರೆ ವರ್ಷಕ್ಕೆ 1,314 ಯೂನಿಟ್, ಐದು ವರ್ಷಕ್ಕೆ ಸುಮಾರು 6,570 ಯೂನಿಟ್ ವಿದ್ಯುತ್ತು ಉರಿಯುತ್ತದೆ. ಕೋಣೆ ತಂಪಾಗಿಡುವ ಖರ್ಚು ಬೇರೆ. ಯುಪಿಎಸ್ ಬೇಕು, ಅದರ ಬ್ಯಾಟರಿಯನ್ನು ಈ ಐದು ವರ್ಷದಲ್ಲಿ ಒಮ್ಮೆಯಾದರೂ ಬದಲಿಸಬೇಕಾಗುವುದು ಸಾಮಾನ್ಯ. ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲಿ ಇಡುವ ರೇಡ್ ಎಂಬ ಏರ್ಪಾಡು ಇದೆ ಎಂಬ ಕಾರಣಕ್ಕೆ ಬ್ಯಾಕಪ್ ಬೇಡ ಎನ್ನುವವರು ಈಗಲೂ ಸಿಗುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ, ಯಾರೋ ತಪ್ಪಿ ಅಳಿಸಿದ ಫೈಲನ್ನು ಅದು ಎರಡೂ ಡಿಸ್ಕ್‌ಗಳಿಂದ ನಿಷ್ಠೆಯಿಂದ ಅಳಿಸುತ್ತದೆ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೂ ಅದೇ ಕಥೆ. ಡೇಟಾದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬ ಹಳೆಯ ನಿಯಮಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ. ಹೊರಗಿನ ಆ ಪ್ರತಿಗಾಗಿ ಕ್ಲೌಡ್ ಸ್ಟೋರೇಜ್ ಬಳಸುವುದು ಸಣ್ಣ ಖರ್ಚಿನ ದೊಡ್ಡ ಉಪಯೋಗ.

ಸ್ವಂತದ್ದಾದರೆ ಯಾರ ಹಂಗೂ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ಸಾಫ್ಟ್‌ವೇರ್ ತಯಾರಿಸುವ ವಿಎಂವೇರ್ ಅನ್ನು ಕೊಂಡ ಕೆಲವೇ ವಾರಗಳಲ್ಲಿ ಅದರ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತು ಎಲ್ಲವೂ ಚಂದಾ ಆಯಿತು. ತಮ್ಮದೇ ಯಂತ್ರಗಳ ಮೇಲೆ ಅದನ್ನು ಓಡಿಸುತ್ತಿದ್ದವರೂ ಬಜೆಟ್ ಮರುಲೆಕ್ಕ ಹಾಕಬೇಕಾಯಿತು. ಹೊಸದಾಗಿ ಹಾಕುವವರು ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಅಥವಾ ವಿಂಡೋಸ್ ಸರ್ವರ್ ಜೊತೆಗೇ ಬರುವ ಹೈಪರ್‌-ವಿ ನೋಡಬಹುದು. ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವರ್ಚುವಲ್ ಯಂತ್ರಗಳಿಗೆ ಅವಕಾಶವಿರುವುದರಿಂದ ಡೇಟಾಬೇಸ್‌ಗೊಂದು, ರಿಮೋಟ್ ಡೆಸ್ಕ್‌ಟಾಪ್‌ಗೊಂದು ಎಂದು ಬೇರ್ಪಡಿಸಲು ಹೆಚ್ಚಿನ ಹಣ ಬೇಕಿಲ್ಲ.

ಬಾಡಿಗೆಯ ವಿಪಿಎಸ್

ಬ್ರೌಸರ್‌ನಲ್ಲಿ ಓಡುವ ಸಾಫ್ಟ್‌ವೇರ್, ಎರಡು ಮೂರು ಶಾಖೆಗಳು, ಲಿನಕ್ಸ್ ಬಲ್ಲ ಒಬ್ಬರು ತಿಂಗಳಿಗೆ ಕೆಲವು ಗಂಟೆ ಸಿಗುತ್ತಾರೆ ಎಂಬ ಪರಿಸ್ಥಿತಿಯಲ್ಲಿ ನನ್ನ ಒಲವು ವಿಪಿಎಸ್ ಕಡೆಗೆ. ಡಿಜಿಟಲ್‌ಓಶನ್, ಹೆಟ್ಸ್‌ನರ್, ಲಿನೋಡ್, ಓವಿಎಚ್‌ಕ್ಲೌಡ್‌ನಂಥ ಕಂಪನಿಗಳಲ್ಲಿ ಕೋರ್, ಮೆಮೊರಿ, ಡಿಸ್ಕ್, ಒಂದು ಮಿತಿಯವರೆಗಿನ ಡೇಟಾ ಸಾಗಣೆ ಎಲ್ಲವೂ ಒಂದೇ ಮಾಸಿಕ ದರದಲ್ಲಿ ಸೇರಿರುತ್ತವೆ. ಬಿಲ್ ಮುಂದಿನ ತಿಂಗಳೂ ಅಷ್ಟೇ ಬರುತ್ತದೆ ಎಂಬ ನಿಶ್ಚಿಂತೆಗೆ ಸಣ್ಣ ಉದ್ಯಮದಲ್ಲಿ ದೊಡ್ಡ ಬೆಲೆಯಿದೆ. ಅಷ್ಟೇ ಗಾತ್ರದ ಯಂತ್ರಕ್ಕೆ ದೊಡ್ಡ ಕ್ಲೌಡ್‌ಗಳ ಗಂಟೆ ಲೆಕ್ಕದ ದರಕ್ಕಿಂತ ಇದು ಸಾಮಾನ್ಯವಾಗಿ ಸಾಕಷ್ಟು ಕಡಿಮೆ.

ಕಡಿಮೆ ಏಕೆ ಎಂಬುದನ್ನೂ ತಿಳಿದಿರಬೇಕು. ಅಗ್ಗದ ಯೋಜನೆಗಳಲ್ಲಿ ಪ್ರೊಸೆಸರ್ ಹಂಚಿಕೆಯದು; ದರಪಟ್ಟಿಯಲ್ಲಿ ಬರೆಯುವ ಒಂದು ವರ್ಚುವಲ್ ಕೋರ್ ಎಂದರೆ ಹೆಚ್ಚಿನ ಕಡೆ ನಿಜವಾದ ಕೋರ್‌ನ ಒಂದು ಎಳೆ ಮಾತ್ರ, ಅದನ್ನೂ ಪಕ್ಕದ ಬಾಡಿಗೆದಾರರ ಜೊತೆ ಹಂಚಿಕೊಂಡಿರುತ್ತೀರಿ. ಲಿನಕ್ಸ್‌ನಲ್ಲಿ ಟಾಪ್ ಎಂಬ ಆದೇಶ ಕೊಟ್ಟರೆ ಪ್ರೊಸೆಸರ್ ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಕಾಣುತ್ತದೆ. ನಿಮಗೆ ಸಿಗಬೇಕಾಗಿದ್ದು ಬೇರೆಯವರ ಪಾಲಾದ ಸಮಯದ ಶೇಕಡಾವಾರು ಅದು. ಸೊನ್ನೆಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಕೆಲಸದ ಹೊತ್ತಿನಲ್ಲಿ ಅದು ಸತತವಾಗಿ ಎರಡಂಕಿ ತೋರಿಸುತ್ತಿದ್ದರೆ ಮೀಸಲು ಕೋರ್ ಇರುವ ಯೋಜನೆಗೆ ಬದಲಾಗಬೇಕು, ಅಥವಾ ಕಂಪನಿಯನ್ನೇ ಬದಲಿಸಬೇಕು.

ಎರಡನೆಯ ಮಾತು, ಇಲ್ಲಿ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ನಿಮ್ಮ ಹೊಣೆ. ಕಂಪನಿ ಮಾರುವ ಬ್ಯಾಕಪ್ ಸೌಲಭ್ಯ ಕೊಂಡರೂ ಒಂದು ಪ್ರತಿ ಬೇರೆ ಕಂಪನಿಯ ಸ್ಟೋರೇಜ್‌ನಲ್ಲಿ ಇರಲೇಬೇಕು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಓವಿಎಚ್‌ಕ್ಲೌಡ್‌ನ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟು ಹೋದಾಗ, ಸರ್ವರ್ ಮತ್ತು ಬ್ಯಾಕಪ್ ಎರಡನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಇಲ್ಲವಾದವು.

ದೊಡ್ಡ ಕ್ಲೌಡ್

ಅಮೆಜಾನ್ 2006ರಲ್ಲಿ ಸ್ಟೋರೇಜ್ ಮತ್ತು ಯಂತ್ರಗಳನ್ನು ಬಳಸಿದಷ್ಟಕ್ಕೆ ಬಾಡಿಗೆ ಎಂಬ ಲೆಕ್ಕದಲ್ಲಿ ಕೊಡಲಾರಂಭಿಸಿದಾಗಿನಿಂದ ಇಲ್ಲಿನ ಆಕರ್ಷಣೆ ಒಂದೇ: ಬೇಕೆಂದಾಗ ಹಿಗ್ಗಿಸಿ, ಬೇಡವಾದಾಗ ಕುಗ್ಗಿಸಿ. ಇಪ್ಪತ್ತು ಜನ ದಿನವೂ ಒಂದೇ ಹದದಲ್ಲಿ ಕೆಲಸ ಮಾಡುವ ಉದ್ಯಮಕ್ಕೆ ಈ ಸೌಲಭ್ಯದ ಅಗತ್ಯವೇ ಕಡಿಮೆ, ಆದರೂ ಅದರ ಬೆಲೆಯನ್ನು ಅದು ತೆರುತ್ತಿರುತ್ತದೆ.

ಒಂದು ತಿಂಗಳಿಗೆ ಸರಾಸರಿ 730 ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ 26 ದಿನ ಮಾತ್ರ ಯಂತ್ರ ಓಡಿಸಿದರೆ 260 ಗಂಟೆ, ಅಂದರೆ ಸುಮಾರು 36 ಶೇಕಡಾ. ಹಾಗಾದರೆ ಬಿಲ್ ಮೂರನೇ ಒಂದಕ್ಕೆ ಇಳಿಯಿತಲ್ಲ ಎನ್ನಿಸುತ್ತದೆ. ಇಳಿಯುವುದು ಯಂತ್ರದ ಬಾಡಿಗೆ ಮಾತ್ರ. ನಿಂತ ಯಂತ್ರದ ಡಿಸ್ಕ್‌ಗೂ, ಡಿಸ್ಕ್‌ನ ಆಯಾ ಕ್ಷಣದ ನಕಲುಗಳಾದ ಹಳೆಯ ಸ್ನ್ಯಾಪ್‌ಶಾಟ್‌ಗಳಿಗೂ ಬಿಲ್ ಓಡುತ್ತಲೇ ಇರುತ್ತದೆ. 2024ರ ಫೆಬ್ರವರಿಯಿಂದ ಅಮೆಜಾನ್ ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಾರ್ವಜನಿಕ ಐಪಿವಿ4 ವಿಳಾಸಗಳಿಗೂ ಗಂಟೆ ಲೆಕ್ಕದಲ್ಲಿ ಶುಲ್ಕ ಹಾಕುತ್ತಿದೆ. ಹೊರಗೆ ಹೋಗುವ ಡೇಟಾ, ಲಾಗ್‌ಗಳು, ಬೆಂಬಲ ಯೋಜನೆ ಇವೆಲ್ಲ ಪ್ರತ್ಯೇಕ ಸಾಲುಗಳು. ಒಂದು ಮತ್ತು ಮೂರು ವರ್ಷಗಳ ಬದ್ಧತೆಗೆ ದೊಡ್ಡ ರಿಯಾಯಿತಿ ಇದೆ, ಆದರೆ ಬದ್ಧತೆ ಬರೆದುಕೊಟ್ಟ ಮೇಲೆ ರಾತ್ರಿ ನಿಲ್ಲಿಸಿ ಉಳಿಸುವ ಮಾತು ಬರುವುದಿಲ್ಲ. ಎರಡು ಉಳಿತಾಯಗಳನ್ನೂ ಕೂಡಿಸಿ ತೋರಿಸುವ ಅಂದಾಜುಪಟ್ಟಿ ಕೈಗೆ ಬಂದರೆ ಅದನ್ನು ಹಿಂದಿರುಗಿಸಿ. ಬಜೆಟ್ ಮಿತಿ ಹಾಕಿದ್ದೇವೆ ಎಂಬ ನೆಮ್ಮದಿಯೂ ಪೂರ್ತಿ ಸರಿಯಲ್ಲ, ಏಕೆಂದರೆ ಆ ಮಿತಿ ಸಾಮಾನ್ಯವಾಗಿ ಎಚ್ಚರಿಕೆಯ ಮೇಲ್ ಕಳಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಅಗ್ಗದ ಯಂತ್ರಗಳ ಬಗೆಗೂ ಎಚ್ಚರ ಬೇಕು. ಅಮೆಜಾನ್‌ನ ಟಿ3 ಮೀಡಿಯಂ ಎಂಬ ಜನಪ್ರಿಯ ಯಂತ್ರದಲ್ಲಿ ಎರಡು ವರ್ಚುವಲ್ ಕೋರ್‌ಗಳಿವೆ, ಆದರೆ ಸತತವಾಗಿ ಬಳಸಲು ಸಿಗುವುದು ಪ್ರತಿಯೊಂದರ 20 ಶೇಕಡಾ ಮಾತ್ರ. ಬಿಡುವಿನ ಹೊತ್ತಿನಲ್ಲಿ ಕೂಡಿಟ್ಟ ಕ್ರೆಡಿಟ್‌ಗಳನ್ನು ದಟ್ಟಣೆಯ ಹೊತ್ತಿನಲ್ಲಿ ಖರ್ಚು ಮಾಡುವುದು ಅದರ ವಿಧಾನ. ದಿನದ ಬಿಲ್ಲಿಂಗ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ತಿಂಗಳ ಕೊನೆಯ ದಾಸ್ತಾನು ವರದಿ ಗಂಟೆಗಟ್ಟಲೆ ಓಡಿದಾಗ ಕ್ರೆಡಿಟ್ ಮುಗಿದು, ಬೇರೇನೂ ಹೊಂದಿಸದಿದ್ದರೆ, ಹೆಚ್ಚುವರಿ ಶುಲ್ಕ ಬೀಳಲಾರಂಭಿಸುತ್ತದೆ.

ಹಾಗಾದರೆ ಇಲ್ಲಿಗೆ ಯಾರು ಬರಬೇಕು? ಹಬ್ಬ, ಹಂಗಾಮು, ಪರೀಕ್ಷಾ ಫಲಿತಾಂಶದಂಥ ಸಂದರ್ಭಗಳಲ್ಲಿ ಕೆಲಸ ಹತ್ತು ಪಟ್ಟು ಏರುವವರು ಬರಬಹುದು. ಗ್ರಾಹಕರೊಂದಿಗಿನ ಕರಾರಿನಲ್ಲಿ ನಿರ್ದಿಷ್ಟ ಭದ್ರತಾ ಪ್ರಮಾಣಪತ್ರಗಳನ್ನು ಕೇಳಿಸಿಕೊಂಡವರು ಬರಬೇಕಾಗಬಹುದು. ಇನ್ನೊಂದು ಒಳ್ಳೆಯ ಕಾರಣ ನಿರ್ವಹಿತ ಡೇಟಾಬೇಸ್, ಅಂದರೆ ಕ್ಲೌಡ್ ಕಂಪನಿಯೇ ನೋಡಿಕೊಳ್ಳುವ ಡೇಟಾಬೇಸ್. ಅಮೆಜಾನ್‌ನ ಆರ್‌ಡಿಎಸ್ ಸೇವೆಯಲ್ಲಿ ತಾನಾಗಿ ಆಗುವ ಬ್ಯಾಕಪ್‌ಗಳನ್ನು 35 ದಿನಗಳವರೆಗೆ ಇಟ್ಟುಕೊಂಡು, ಆ ಅವಧಿಯೊಳಗಿನ ಬೇಕಾದ ಕ್ಷಣಕ್ಕೆ ಡೇಟಾಬೇಸನ್ನು ಮರಳಿಸಬಹುದು. ಮಧ್ಯಾಹ್ನ ಮೂರಕ್ಕೆ ಯಾರೋ ಇಡೀ ದರಪಟ್ಟಿಯನ್ನು ತಪ್ಪಾಗಿ ತಿದ್ದಿದರೆ ಎರಡು ಐವತ್ತೊಂಬತ್ತರ ಸ್ಥಿತಿಯನ್ನು ಹೊಸ ಡೇಟಾಬೇಸ್ ಆಗಿ ತರಿಸಿಕೊಳ್ಳಲು ಸಾಧ್ಯ. ಇದನ್ನು ನೀವೇ ವಿಪಿಎಸ್ ಮೇಲೆ ಕಟ್ಟಿಕೊಳ್ಳಬಹುದು, ಆದರೆ ಅದಕ್ಕೆ ಬೇಕಾದ ಪರಿಣತಿಯ ಗಂಟೆಗಳನ್ನು ಎಣಿಸಿದರೆ ಸೇವೆಯ ಹೆಚ್ಚಿನ ದರ ದುಬಾರಿ ಎನ್ನಿಸುವುದಿಲ್ಲ.

ಬೇಸ್‌ಕ್ಯಾಂಪ್ ಎಂಬ ಯೋಜನಾ ನಿರ್ವಹಣೆಯ ಸಾಫ್ಟ್‌ವೇರ್ ತಯಾರಿಸುವ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್ ಬಿಡುವುದಾಗಿ ಪ್ರಕಟಿಸಿ ಸ್ವಂತ ಯಂತ್ರಗಳಿಗೆ ಮರಳಿದ್ದನ್ನು ಈ ಚರ್ಚೆಯಲ್ಲಿ ಅನೇಕರು ಉದಾಹರಿಸುತ್ತಾರೆ. ಅವರಲ್ಲಿ ಸರ್ವರ್ ನೋಡಿಕೊಳ್ಳುವ ಅನುಭವಿ ತಂಡ ಮೊದಲೇ ಇತ್ತು, ಕೆಲಸದ ಹೊರೆಯೂ ಮುಂಚಿತವಾಗಿ ಅಂದಾಜು ಮಾಡಬಹುದಾದಂಥದ್ದು. ಹನ್ನೆರಡು ಜನರ ಉದ್ಯಮದಲ್ಲಿ ಅಂಥ ತಂಡವಿಲ್ಲ. ಆದ್ದರಿಂದ ಆ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಲು ಬರುವುದಿಲ್ಲ.

ಸ್ವಂತವಾಗಿ ಬರೆಸಿದ ಸಾಫ್ಟ್‌ವೇರ್ ಇರುವವರಿಗೆ ಹೆರೋಕುವಿನಂಥ ಸಿದ್ಧ ವೇದಿಕೆಗಳೂ ಇವೆ. ಕೋಡ್ ಕಳಿಸಿದರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಆದರೆ ಹೆರೋಕುವಿನಲ್ಲಿ ಅಪ್ಲಿಕೇಶನ್‌ನ ಡಿಸ್ಕ್ ತಾತ್ಕಾಲಿಕ. ಬಳಕೆದಾರರು ಏರಿಸಿದ ಫೈಲ್‌ಗಳನ್ನು ಬೇರೆ ಸ್ಟೋರೇಜ್‌ನಲ್ಲಿ ಇಡದಿದ್ದರೆ ಮುಂದಿನ ಮರುಚಾಲನೆಯಲ್ಲಿ ಅವು ಮಾಯ. ಉಚಿತ ಯೋಜನೆಯನ್ನು ನಂಬಿ ವ್ಯವಹಾರ ಕಟ್ಟುವುದಂತೂ ಬೇಡ: ಹೆರೋಕು ತನ್ನ ಉಚಿತ ಯೋಜನೆಗಳನ್ನು 2022ರ ನವೆಂಬರ್‌ನಲ್ಲಿ ಮುಚ್ಚಿತು.

ಚಂದಾ ಸೇವೆ

ಹತ್ತು ಜನರೊಳಗಿನ ಉದ್ಯಮ, ಎಲ್ಲರೂ ಮಾಡುವಂಥದ್ದೇ ಲೆಕ್ಕಪತ್ರ ಮತ್ತು ಬಿಲ್ಲಿಂಗ್, ತಾಂತ್ರಿಕ ಸಿಬ್ಬಂದಿ ಇಲ್ಲ ಎಂದಾದರೆ ಚಂದಾ ಸೇವೆಯನ್ನು ಸೋಲಿಸುವುದು ಕಷ್ಟ. ಮೇಲೆ ಹೇಳಿದ 240 ಗಂಟೆಗಳ ಬಹುಪಾಲು ಇಲ್ಲಿ ಇಲ್ಲವೇ ಇಲ್ಲ. ಲೈಸೆನ್ಸ್, ಅಪ್‌ಡೇಟ್, ಯಂತ್ರ ಎಲ್ಲವೂ ಒಬ್ಬನೇ ಮಾರಾಟಗಾರನ ಹೊಣೆ.

ಸಮಸ್ಯೆ ಬರುವುದು ಜನ ಹೆಚ್ಚಿದಾಗ. ದರ ತಲೆಗೆ ಇಷ್ಟು ಎಂದಿರುವುದರಿಂದ 5 ಜನರಿಗೆ ಹಗುರವಾಗಿದ್ದದ್ದು 40 ಜನರಿಗೆ ಎಂಟು ಪಟ್ಟಾಗುತ್ತದೆ, ಆದರೆ 40 ಜನರ ಸರ್ವರ್ 5 ಜನರ ಸರ್ವರ್‌ಗಿಂತ ಎಂಟು ಪಟ್ಟು ದುಬಾರಿಯಲ್ಲ. ಆ ನಲವತ್ತರಲ್ಲಿ ನಿಜವಾಗಿ ಎಂಟ್ಹತ್ತು ಮಂದಿ ಮಾತ್ರ ಡೇಟಾ ತುಂಬುತ್ತಿದ್ದು, ಉಳಿದವರು ವಾರಕ್ಕೊಮ್ಮೆ ವರದಿ ನೋಡುವವರಾಗಿರುವುದು ಸಾಮಾನ್ಯ. ವರದಿ ನೋಡುವವರಿಗೆ ಕಡಿಮೆ ದರದ ಅಥವಾ ಉಚಿತ ಲಾಗಿನ್ ಇದೆಯೇ ಎಂದು ಸೇರುವ ಮೊದಲೇ ಕೇಳಬೇಕು. ಒಂದೇ ಲಾಗಿನ್ನನ್ನು ಐದು ಜನ ಹಂಚಿಕೊಳ್ಳುವ ಉಪಾಯವನ್ನು ಬಹಳ ಕಡೆ ನೋಡಿದ್ದೇನೆ. ಕರಾರಿಗೆ ವಿರುದ್ಧವಾದದ್ದು ಒಂದೆಡೆಯಿರಲಿ, ಯಾವ ಬಿಲ್ಲನ್ನು ಯಾರು ತಿದ್ದಿದರು ಎಂದು ತಿಳಿಯುವ ಒಂದೇ ದಾರಿಯನ್ನು ಅದು ಮುಚ್ಚುತ್ತದೆ.

ಬಿಟ್ಟು ಹೊರಡುವ ಖರ್ಚು ಇಲ್ಲಿಯೇ ಅತಿ ಹೆಚ್ಚು. ಎಕ್ಸೆಲ್‌ಗೆ ರಫ್ತು ಮಾಡಬಹುದು ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಬಿಲ್‌ಗಳ ಜೊತೆ ಅವುಗಳ ಲಗತ್ತುಗಳು, ತಿದ್ದುಪಡಿಯ ಇತಿಹಾಸ, ಯಾವ ಪಾವತಿ ಯಾವ ಬಿಲ್ಲಿಗೆ ಸೇರಿದ್ದು ಎಂಬ ಕೊಂಡಿ ಇವೂ ಬರುತ್ತವೆಯೇ ಎಂದು ಪರೀಕ್ಷಾ ಖಾತೆಯಲ್ಲಿ ನಿಜವಾಗಿ ರಫ್ತು ಮಾಡಿ ನೋಡಬೇಕು. ಚಂದಾ ನಿಂತ ಮೇಲೆ ಎಷ್ಟು ದಿನ ಹಳೆಯ ದಾಖಲೆ ನೋಡಲು ಬಿಡುತ್ತಾರೆ ಎಂಬುದೂ ಕರಾರಿನಲ್ಲಿರಲಿ, ಏಕೆಂದರೆ ಲೆಕ್ಕಪತ್ರಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಹೊಣೆ ನಿಮ್ಮದೇ.

ಹಾಗಾದರೆ ಯಾವುದು?

ನಾಲ್ಕರಲ್ಲಿ ಒಂದನ್ನೇ ಹಿಡಿಯಬೇಕೆಂದೇನೂ ಇಲ್ಲ. ಕಚೇರಿಯಲ್ಲಿ ಸರ್ವರ್, ಕ್ಲೌಡ್‌ನಲ್ಲಿ ಬ್ಯಾಕಪ್. ಲೆಕ್ಕಪತ್ರಕ್ಕೆ ಚಂದಾ ಸೇವೆ, ಸ್ವಂತ ಸಾಫ್ಟ್‌ವೇರ್‌ಗೆ ವಿಪಿಎಸ್. ವಿಪಿಎಸ್ ಜೊತೆ ಅದೇ ಕಂಪನಿಯ ನಿರ್ವಹಿತ ಡೇಟಾಬೇಸ್ ಇಂಥ ಜೋಡಣೆಗಳು ಸಣ್ಣ ಬಜೆಟ್‌ಗೂ ಹೊಂದುತ್ತವೆ. ವಿಂಡೋಸ್‌ಗೆ ಕಟ್ಟಿಬಿದ್ದ ಹಳೆಯ ಸಾಫ್ಟ್‌ವೇರ್ ಇದ್ದು ಇನ್ನೆರಡು ವರ್ಷದಲ್ಲಿ ಅದನ್ನು ಬಿಡುವ ಯೋಚನೆಯಿದ್ದರೆ ಮಾತ್ರ ಹೊಸ ಯಂತ್ರ ಕೊಳ್ಳುವುದನ್ನೂ, ಮೂರು ವರ್ಷದ ಬದ್ಧತೆಯನ್ನೂ ಎರಡನ್ನೂ ತಪ್ಪಿಸಿ, ಇರುವ ಯಂತ್ರದ ವಾರಂಟಿಯನ್ನು ವಿಸ್ತರಿಸಿಕೊಳ್ಳುವುದು ಜಾಣತನ. ಅದರ ವಿಂಡೋಸ್ ಆವೃತ್ತಿಗೆ ಬೆಂಬಲ ಎಂದಿನವರೆಗೆ ಎಂಬುದನ್ನು ನೋಡಿಕೊಳ್ಳಿ: ವಿಂಡೋಸ್ ಸರ್ವರ್ 2012ರದ್ದು 2023ರ ಅಕ್ಟೋಬರ್‌ನಲ್ಲಿ ಮುಗಿದಿದೆ, 2016ರದ್ದಕ್ಕೆ 2027ರ ಜನವರಿಯವರೆಗೆ ಮಾತ್ರ ಅವಕಾಶ.

ಎರಡು ಆಯ್ಕೆಗಳ ನಡುವೆ ಇನ್ನೂ ಮನಸ್ಸು ತೂಗಾಡುತ್ತಿದ್ದರೆ ಒಂದು ತಿಂಗಳ ಬಾಡಿಗೆ ಕೊಟ್ಟು ಎರಡರಲ್ಲೂ ನಿಮ್ಮದೇ ಕಳೆದ ವರ್ಷದ ಡೇಟಾ ಹಾಕಿ ನೋಡಿ. ಖಾಲಿ ಡೇಟಾಬೇಸ್‌ನಲ್ಲಿ ಎಲ್ಲವೂ ವೇಗವಾಗಿಯೇ ಓಡುತ್ತದೆ. ಅತಿ ಭಾರದ ವರದಿಯನ್ನು ಜನ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಓಡಿಸಿ ಸಮಯ ಬರೆದುಕೊಳ್ಳಿ, ಆಮೇಲೆ ಬ್ಯಾಕಪ್‌ನಿಂದ ಇಡೀ ವ್ಯವಸ್ಥೆಯನ್ನು ಹೊಸ ಯಂತ್ರದ ಮೇಲೆ ಮರಳಿ ತರಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಈ ಎರಡನೆಯ ಪರೀಕ್ಷೆಯನ್ನು ದೊಡ್ಡವರೂ ಬಿಟ್ಟುಬಿಟ್ಟಿದ್ದುಂಟು: 2017ರ ಜನವರಿ 31ರಂದು ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸೇವೆಯ ಡೇಟಾಬೇಸ್ ತಪ್ಪಿ ಅಳಿಸಿಹೋದಾಗ ಅವರಲ್ಲಿದ್ದ ಐದು ಬಗೆಯ ಬ್ಯಾಕಪ್ ಮತ್ತು ನಕಲು ವಿಧಾನಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ, ಸುಮಾರು ಆರು ಗಂಟೆಗಳ ಡೇಟಾ ಹೋಯಿತು. ಎರಡರಲ್ಲೂ ವರದಿಯ ಸಮಯ ಸಹಿಸುವಂತಿದ್ದು, ಮರಳಿ ತರಲು ಹಿಡಿದ ಹೊತ್ತು ನೀವು ಮೊದಲು ಬರೆದಿಟ್ಟುಕೊಂಡ ಮಿತಿಯೊಳಗಿದ್ದರೆ, ಐದು ವರ್ಷದ ಲೆಕ್ಕದಲ್ಲಿ ಕಡಿಮೆ ಬೀಳುವುದನ್ನು ಆರಿಸಿಕೊಳ್ಳಬಹುದು.

ಹಣ ಕಟ್ಟುವ ಮುನ್ನ ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ. ಡೊಮೇನ್ ಹೆಸರು, ಕ್ಲೌಡ್ ಅಥವಾ ವಿಪಿಎಸ್‌ನ ಮುಖ್ಯ ಖಾತೆ, ಬ್ಯಾಕಪ್ ಬಿಚ್ಚುವ ಪಾಸ್‌ವರ್ಡ್ ಈ ಮೂರೂ ಉದ್ಯಮದ ಹೆಸರಿನಲ್ಲಿ, ಉದ್ಯಮದ ಇಮೇಲ್‌ನಲ್ಲಿ ಇರಬೇಕು. ಸಾಫ್ಟ್‌ವೇರ್ ಹಾಕಿಕೊಡುವವರಿಗೆ ಬೇಕಾದ ಅನುಮತಿಯನ್ನು ಬೇರೆ ಲಾಗಿನ್ ಮಾಡಿ ಕೊಡಿ; ಅವರು ಬದಲಾದ ದಿನ ಆ ಲಾಗಿನ್ ತೆಗೆದರೆ ಸಾಕು, ಸರ್ವರ್ ಬದಲಿಸಬೇಕಾಗುವುದಿಲ್ಲ.